ಹಲಸಿನ ಮರದ ಮೇಲೆ ಸೀತಾಳೆ ದಂಡೆ

ಮಳೆಗಾಲ ಶುರುವಾಗುವ ಹೊತ್ತಿಗೆ ಮಲೆನಾಡಿನ ಮರಗಳಲ್ಲಿ ಸೀತಾಳೆ ದಂಡೆ ಎಂಬ ಆರ್ಕಿಡ್ ಗಿಡದ ಹೂಗೊಂಚಲು ಜೋತು ಬೀಳುತ್ತದೆ. ಬಿಳಿ ಹೂ, ಮೇಲೆ ನೇರಳೆ ಚುಕ್ಕಿ. ಅಸ್ಸಾಮಿಗೆ ಇದೇ ರಾಜ್ಯದ ಹೂ. ಬಿಹು ಕುಣಿತಕ್ಕೆ ಅಲ್ಲಿನ ಹೆಣ್ಣುಮಕ್ಕಳು ಇದನ್ನೇ ಮುಡಿಯುತ್ತಾರೆ.

ನಮ್ಮ ತೀರ್ಥಹಳ್ಳಿ ಕಡೆಯ ತೋಟದಲ್ಲಿ ಗಾಳಿಗೆ ಮುರಿದು ಬಿದ್ದ ಕೊಂಬೆಯ ಮೇಲೆ ಈ ಗಿಡ ಸಿಕ್ಕಿತು. ಅಂಗಳದ ಹಲಸಿನ ಮರಕ್ಕೆ ಬಾಳೆನಾರಿನಿಂದ ಕಟ್ಟಿದೆ. ಬೇರು ತೊಗಟೆಯನ್ನು ಹಿಡಿದುಕೊಂಡ ಮೇಲೆ ನಾರು ತಾನೇ ಕೊಳೆತು ಉದುರುತ್ತದೆ. ಬಿಚ್ಚುವ ಕೆಲಸವಿಲ್ಲ.

ಮಣ್ಣಂತೂ ಬೇಡವೇ ಬೇಡ, ಬೇರು ಕೊಳೆಯುತ್ತದೆ. ಬಂದಳಿಕೆ ಅಂದುಕೊಂಡು ಕಿತ್ತು ಬಿಸಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬಂದಳಿಕೆ ಮರದ ರಸ ಹೀರುತ್ತದೆ. ಇದು ಸುಮ್ನೆ ಕೂತಿರುತ್ತದೆ, ಅಷ್ಟೇ.

ನೀರು ಬೇಕೋ ಬೇಡವೋ ಅಂತ ಬೇರನ್ನು ನೋಡಿದರೆ ಗೊತ್ತಾಗುತ್ತದೆ. ಒಣಗಿದಾಗ ಬೆಳ್ಳಗೆ, ನೆನೆದಾಗ ಹಸಿರು. ಬೇಸಿಗೆಯಲ್ಲಿ ಬೆಳಿಗ್ಗೆ ಚಿಮುಕಿಸಿದರೆ ಸಾಕು.

ಕಾಡಿನ ಮರದಿಂದ ಮಾತ್ರ ದಯವಿಟ್ಟು ಕೀಳಬೇಡಿ. ಇದರ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಆಹಾರವೇ ಇಲ್ಲ. ಸರಿಯಾದ ಶಿಲೀಂಧ್ರ ಜೊತೆಯಾದರೆ ಮಾತ್ರ ಮೊಳೆಯುತ್ತದೆ. ಆಮೇಲೂ ಹೂ ಬಿಡಲು ವರ್ಷಗಳೇ ಬೇಕು. ಬೇಕಿದ್ದರೆ ಗಾಳಿಮಳೆ ನಿಂತ ಮೇಲೆ ನಿಮ್ಮ ತೋಟ ಸುತ್ತಿ, ಬಿದ್ದ ಕೊಂಬೆಗಳನ್ನು ತಿರುಗಿಸಿ ನೋಡಿ.