ಕಾವೇರಿ ಕುಟುಂಬ ಅರ್ಧಕ್ಕೆ ಬಿಟ್ಟ ಕೆಲಸ

ಕಾವೇರಿ ವಿವಾದದ ಇತಿಹಾಸವನ್ನು ಬರೆಯುವವರು 1892 ಮತ್ತು 1924ರ ಒಪ್ಪಂದಗಳಿಂದ ಆರಂಭಿಸಿ, 1990ರಲ್ಲಿ ರಚನೆಯಾದ ನ್ಯಾಯಮಂಡಳಿ, ಅದು 2007ರಲ್ಲಿ ಕೊಟ್ಟ ಐತೀರ್ಪು, 2018ರ ಸುಪ್ರೀಂ ಕೋರ್ಟ್ ತೀರ್ಪು ಎಂದು ಸಾಗುತ್ತಾರೆ. ಆ ಸಾಲಿನಲ್ಲಿ ಬಹುಮಟ್ಟಿಗೆ ಜಾಗವೇ ಸಿಗದ ಒಂದು ಪ್ರಯತ್ನ 2003ರಲ್ಲಿ ನಡೆಯಿತು. ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ರೈತರು ಒಟ್ಟಿಗೆ ಕುಳಿತು, ಮಳೆ ಕೈಕೊಟ್ಟ ವರ್ಷದಲ್ಲಿ ಇರುವಷ್ಟು ನೀರನ್ನು ಹಂಚಿಕೊಳ್ಳುವುದು ಹೇಗೆ ಎಂದು ಮಾತನಾಡಲು ಆರಂಭಿಸಿದರು ಮತ್ತು ತಮ್ಮ ಬಳಗಕ್ಕೆ ‘ಕಾವೇರಿ ಕುಟುಂಬ’ ಎಂದು ಹೆಸರಿಟ್ಟುಕೊಂಡರು. ಮಂಡ್ಯ ಜಿಲ್ಲೆಯವನಾದ ನನಗೆ, ಈ ನದಿಯ ವಿಚಾರದಲ್ಲಿ ನಡೆದಿರುವ ಎಲ್ಲ ಕೆಲಸಗಳಲ್ಲಿ ಅತ್ಯಂತ ಧೈರ್ಯದ ಕೆಲಸ ಅದೇ ಎನಿಸುತ್ತದೆ.

ಅದು ಎಂತಹ ಹೊತ್ತಿನಲ್ಲಿ ಆರಂಭವಾಯಿತು ಎಂಬುದನ್ನು ನೆನೆದರೆ ಆ ಧೈರ್ಯದ ಅಳತೆ ತಿಳಿಯುತ್ತದೆ. 2002ರಲ್ಲಿ ನೈಋತ್ಯ ಮುಂಗಾರು ಕೈಕೊಟ್ಟಿತ್ತು. ಕರ್ನಾಟಕ ತಮಿಳುನಾಡಿಗೆ ಪ್ರತಿದಿನ 1.25 ಟಿಎಂಸಿ ಅಡಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ಬಿಡಬೇಕೆಂದು ಸುಪ್ರೀಂ ಕೋರ್ಟ್ ಸೆಪ್ಟೆಂಬರ್‌ನಲ್ಲಿ ಆದೇಶಿಸಿತು. ಪ್ರಧಾನಿಯವರ ಅಧ್ಯಕ್ಷತೆಯ ಕಾವೇರಿ ನದಿ ಪ್ರಾಧಿಕಾರ ಅದನ್ನು 0.8 ಟಿಎಂಸಿಗೆ ಇಳಿಸಿತು. ನೀರು ಬಿಡುವುದನ್ನು ವಿರೋಧಿಸಿ ರೈತರೊಬ್ಬರು ಕಬಿನಿ ಜಲಾಶಯಕ್ಕೆ ಹಾರಿ ಪ್ರಾಣ ಬಿಟ್ಟರು. ಮುಖ್ಯಮಂತ್ರಿಯಾಗಿದ್ದ ಎಸ್.ಎಂ. ಕೃಷ್ಣ ಬೆಂಗಳೂರಿನಿಂದ ಮಂಡ್ಯಕ್ಕೆ ಪಾದಯಾತ್ರೆ ಹೊರಟರು. ಅದಕ್ಕೂ ಹಿಂದೆ, ನ್ಯಾಯಮಂಡಳಿಯ ಮಧ್ಯಂತರ ಆದೇಶ ರಾಜ್ಯಪತ್ರದಲ್ಲಿ ಪ್ರಕಟವಾದ 1991ರ ಡಿಸೆಂಬರ್‌ನಲ್ಲಿ, ಬೆಂಗಳೂರಿನ ತಮಿಳು ಕೂಲಿಕಾರರ ಬಸ್ತಿಗಳ ಮೇಲೆ ದಾಳಿಗಳು ನಡೆದು, ಸಾವಿರಾರು ಕುಟುಂಬಗಳು ಊರು ಬಿಟ್ಟು ಓಡಿದ್ದವು. ಅವರಲ್ಲಿ ಹೆಚ್ಚಿನವರು ನಮ್ಮ ನಗರದ ಕಟ್ಟಡಗಳನ್ನು ಕಟ್ಟುತ್ತಿದ್ದ ಬಡವರು. ತಮಿಳುನಾಡಿನ ಮೆಟ್ಟೂರು ಜಲಾಶಯದ ನೀರಿನ ಮಟ್ಟಕ್ಕೂ ಅವರ ಬದುಕಿಗೂ ಯಾವ ಸಂಬಂಧವೂ ಇರಲಿಲ್ಲ. ಇಷ್ಟೆಲ್ಲ ನೆನಪು ಹಸಿಯಾಗಿದ್ದಾಗ ಎದುರು ರಾಜ್ಯದ ರೈತರ ಜೊತೆ ಮಾತಿಗೆ ಕೂರುವವನನ್ನು ಅವನ ಊರಿನಲ್ಲೇ ದ್ರೋಹಿ ಎಂದು ಕರೆಯುವ ಸಾಧ್ಯತೆ ಎರಡೂ ಕಡೆ ಇತ್ತು.

ಚೆನ್ನೈನ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಅರ್ಥಶಾಸ್ತ್ರಜ್ಞ ಎಸ್. ಜನಕರಾಜನ್ ಅವರ ಮುತುವರ್ಜಿಯಿಂದ ಮೊದಲ ಸಭೆ ಅಲ್ಲಿಯೇ ನಡೆಯಿತು, ಬಳಿಕ ಬೆಂಗಳೂರಿನಲ್ಲಿ ಸೇರಿದರು. ತಮಿಳುನಾಡಿನ ಕಡೆಯಿಂದ ಮನ್ನಾರ್‌ಗುಡಿಯ ಎಸ್. ರಂಗನಾಥನ್, ಕರ್ನಾಟಕದ ಕಡೆಯಿಂದ ರೈತ ಸಂಘದ ಕೆ.ಎಸ್. ಪುಟ್ಟಣ್ಣಯ್ಯ ಇದರಲ್ಲಿದ್ದರು. ಇವರಿಬ್ಬರೂ ತಮ್ಮ ತಮ್ಮ ಪ್ರದೇಶದ ಪಾಲಿಗಾಗಿ ಬೀದಿಯಲ್ಲಿಯೂ ವೇದಿಕೆಯಲ್ಲಿಯೂ ಗಟ್ಟಿಯಾಗಿ ವಾದಿಸಿದವರು ಎಂಬುದನ್ನು ಮರೆಯಬಾರದು. ಮಾತುಕತೆಗೆ ಬಂದವರು ಹಕ್ಕು ಬಿಟ್ಟುಕೊಟ್ಟವರಲ್ಲ. ಗೆದ್ದರೂ ಬೆಳೆ ಉಳಿಯದ ವರ್ಷಗಳಿರುತ್ತವೆ ಎಂಬುದನ್ನು ಅನುಭವದಿಂದ ಬಲ್ಲವರು ಅವರು.

ಆ ಕುಟುಂಬ ಮಾಡಿದ ಕೆಲಸಗಳಲ್ಲಿ ನನಗೆ ಬಹಳ ಮುಖ್ಯವೆಂದು ಕಾಣುವುದು ಪರಸ್ಪರ ಭೇಟಿ. ಇಲ್ಲಿಯ ರೈತರು ತಂಜಾವೂರಿನ ಕಡೆಯ ಗದ್ದೆಗಳಿಗೆ ಹೋದರು, ಅಲ್ಲಿಯವರು ಇಲ್ಲಿಯ ಅಚ್ಚುಕಟ್ಟಿಗೆ ಬಂದರು. ತಮಿಳುನಾಡಿನವರು ಮೂರು ಬೆಳೆ ತೆಗೆದು ಸುಖವಾಗಿದ್ದಾರೆ ಎಂಬ ಮಾತನ್ನು ನಮ್ಮಲ್ಲಿ ಈಗಲೂ ಕೇಳುತ್ತೇವೆ. ಆದರೆ ಕುರುವೈ, ಸಾಂಬಾ, ತಾಳಡಿ ಎಂಬ ಮೂರು ಹೆಸರುಗಳಿದ್ದ ಮಾತ್ರಕ್ಕೆ ಒಂದೇ ಗದ್ದೆಯಲ್ಲಿ ವರ್ಷಕ್ಕೆ ಮೂರು ಬೆಳೆ ಬರುವುದಿಲ್ಲ. ಕುರುವೈ ಕೊಯ್ದ ಗದ್ದೆಯಲ್ಲಿ ತಾಳಡಿ, ಉಳಿದ ಕಡೆ ಒಂದೇ ದೀರ್ಘಾವಧಿಯ ಸಾಂಬಾ ಎನ್ನುವುದು ಅಲ್ಲಿಯ ರೂಢಿ. ಮೇಲ್ಭಾಗದ ಗದ್ದೆಗಳಿಗೆ ಅಂತರ್ಜಲವಾದರೂ ಇದೆ, ಸಮುದ್ರಕ್ಕೆ ಹತ್ತಿರವಿರುವ ನಾಗಪಟ್ಟಣದ ಕಡೆ ಕೊಳವೆಬಾವಿಯಲ್ಲಿ ಉಪ್ಪುನೀರು ಬರುತ್ತದೆ. ಹಾಗೆಯೇ, ಕನ್ನಂಬಾಡಿ ಕಟ್ಟೆಯ ಪಕ್ಕದಲ್ಲಿರುವ ಜಿಲ್ಲೆಗೆ ನೀರಿನ ಕೊರತೆಯೇ ಇಲ್ಲ ಎಂದು ಅಲ್ಲಿಯವರು ನಂಬಿದ್ದರೆ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳಲ್ಲಿ ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗವನ್ನು ನೋಡಿದವರಿಗೆ ಆ ನಂಬಿಕೆ ಉಳಿಯಲಾರದು. ಕಟ್ಟು ಪದ್ಧತಿಯಲ್ಲಿ ಸರದಿಯ ಮೇಲೆ ಬಿಡುವ ನೀರು ಕೊನೆಯ ಭಾಗಕ್ಕೆ ಮುಟ್ಟುವ ಹೊತ್ತಿಗೆ ಸರದಿಯೇ ಮುಗಿದಿರುತ್ತದೆ. ಮಳವಳ್ಳಿಯ ಕೊನೆಯ ಭಾಗದ ರೈತನಿಗೂ ನಾಗಪಟ್ಟಣದ ಕೊನೆಯ ಭಾಗದ ರೈತನಿಗೂ ಇರುವ ಸಾಮ್ಯ, ಅವರಿಬ್ಬರಿಗೂ ತಮ್ಮ ತಮ್ಮ ನಾಲೆಯ ಮೇಲ್ಭಾಗದವರೊಂದಿಗೆ ಇರುವುದಕ್ಕಿಂತ ಹೆಚ್ಚಿನದು ಎಂದು ನಾನು ನಂಬುತ್ತೇನೆ. ರಾಜ್ಯಗಳ ಹೆಸರಿನಲ್ಲಿ ನಡೆಯುವ ಹೋರಾಟದಲ್ಲಿ ಈ ಸಾಮ್ಯ ಕಣ್ಣಿಗೆ ಬೀಳುವುದೇ ಇಲ್ಲ.

ಜಮೀನೇ ಇಲ್ಲದವರು ಇನ್ನೂ ಮರೆಯಲ್ಲಿರುತ್ತಾರೆ. ನಾಟಿ, ಕಳೆ, ಕೊಯ್ಲುಗಳ ಕೂಲಿಯನ್ನೇ ನಂಬಿದ ಹೆಂಗಸರಿಗೆ, ಅವರಲ್ಲಿ ಬಹುಪಾಲು ದಲಿತ ಕುಟುಂಬಗಳವರಿಗೆ, ಗದ್ದೆ ಬೀಳುಬಿದ್ದ ವರ್ಷ ಪರಿಹಾರದ ಪಟ್ಟಿಯಲ್ಲಿ ಹೆಸರಿರುವುದು ಅಪರೂಪ, ಏಕೆಂದರೆ ಪರಿಹಾರ ಪಹಣಿಯಲ್ಲಿ ಹೆಸರಿರುವವರಿಗೆ ಹೋಗುತ್ತದೆ. ಈ ಮಾತು ಎರಡೂ ರಾಜ್ಯಗಳಿಗೆ ಸಲ್ಲುತ್ತದೆ.

ಈಗ ಕಾನೂನಿನ ಸ್ಥಿತಿಯನ್ನು ನೋಡಬೇಕು. 2007ರ ಐತೀರ್ಪು 740 ಟಿಎಂಸಿ ನೀರಿದೆಯೆಂದು ಲೆಕ್ಕಹಾಕಿ ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ಟಿಎಂಸಿ ಎಂದು ಹಂಚಿತು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 284.75ಕ್ಕೆ ಏರಿಸಿ, ಗಡಿಯಲ್ಲಿ ನೀರು ಅಳೆಯುವ ಜಾಗವಾದ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಹರಿಸಬೇಕಾದ ನೀರನ್ನು 177.25 ಟಿಎಂಸಿಗೆ ಇಳಿಸಿತು. ಇವೆಲ್ಲವೂ ಸಾಮಾನ್ಯ ಮಳೆಯ ವರ್ಷದ ಅಂಕಿಗಳು. ಸಂಕಷ್ಟದ ವರ್ಷಕ್ಕೆ ಐತೀರ್ಪು ಹೇಳಿರುವುದು, ಎಲ್ಲರ ಪಾಲನ್ನೂ ಒಂದೇ ಪ್ರಮಾಣದಲ್ಲಿ ಇಳಿಸಬೇಕು ಎಂದು ಮಾತ್ರ. ಯಾವ ತಿಂಗಳ ಯಾವ ಒಳಹರಿವನ್ನು ನೋಡಿ ಇದು ಸಂಕಷ್ಟದ ವರ್ಷವೆಂದು ಘೋಷಿಸಬೇಕು, ಜೂನ್‌ನಲ್ಲಿ ಬೇಕಾಗುವ ಕುರುವೈ ನೀರಿಗೂ ಆಗಸ್ಟ್‌ನಲ್ಲಿ ಬೇಕಾಗುವ ಮಂಡ್ಯದ ಭತ್ತದ ನೀರಿಗೂ ಹೇಗೆ ಸರಿದೂಗಿಸಬೇಕು, ತಮಿಳುನಾಡಿಗೆ ಅಕ್ಟೋಬರ್‌ನಿಂದ ಬರಬಹುದಾದ ಈಶಾನ್ಯದ ಹಿಂಗಾರು ಮಳೆಯನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂಬ ನಿಜವಾದ ಪ್ರಶ್ನೆಗಳು ಹಾಗೆಯೇ ಉಳಿದಿವೆ. 2018ರಲ್ಲಿ ರಚನೆಯಾದ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದಲ್ಲಿ ಅಧಿಕಾರಿಗಳೂ ಎಂಜಿನಿಯರ್‌ಗಳೂ ಇದ್ದಾರೆ, ರೈತರಿಲ್ಲ. ಆದ್ದರಿಂದಲೇ 2023ರಲ್ಲಿ ಮಳೆ ಕೊರತೆಯಾದಾಗ ದಿನಕ್ಕೆ 5,000 ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ), 3,000 ಕ್ಯೂಸೆಕ್ ಎಂಬ ಆದೇಶಗಳು, ಅವುಗಳ ವಿರುದ್ಧ ಮಂಡ್ಯ ಬಂದ್, ಬೆಂಗಳೂರು ಬಂದ್, ಸೆಪ್ಟೆಂಬರ್ 29ರ ಕರ್ನಾಟಕ ಬಂದ್ ಎಂದು ಹಳೆಯ ದಾರಿಯೇ ಮತ್ತೆ ತೆರೆದುಕೊಂಡಿತು. 2016ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹತ್ತಾರು ಬಸ್ಸುಗಳು ಸುಟ್ಟು, ಪೊಲೀಸರ ಗುಂಡಿಗೆ ಜೀವ ಹೋದಂತಹ ದಿನ ಮರುಕಳಿಸಲಿಲ್ಲ ಎನ್ನುವುದಷ್ಟೇ ಸಮಾಧಾನ.

ಕೊರತೆಯನ್ನು ಹಂಚಿಕೊಳ್ಳುವ ವಿವೇಕ ನಮಗೆ ಹೊರಗಿನಿಂದ ಬರಬೇಕಾದದ್ದಲ್ಲ. ಹಳೆಯ ಮೈಸೂರಿನ ಕೆರೆಗಳಲ್ಲಿ ನೀರುಗಂಟಿಯ ಕೈಯಲ್ಲಿ ತೂಬು ಇದ್ದ ಕಾಲದಲ್ಲಿ, ಕೆರೆ ಅರ್ಧ ತುಂಬಿದ ವರ್ಷ ಅಚ್ಚುಕಟ್ಟಿನ ಎಷ್ಟು ಭಾಗಕ್ಕೆ ನೀರು, ಯಾವ ಬೆಳೆಗೆ ನೀರು ಎಂಬುದನ್ನು ಬಿತ್ತನೆಗೆ ಮುನ್ನವೇ ಊರವರು ಕೂಡಿ ತೀರ್ಮಾನಿಸುವ ರೂಢಿ ಅನೇಕ ಊರುಗಳಲ್ಲಿತ್ತು. ಅಂತಹ ಊರುಗಳು ಸಮಾನತೆಯ ನೆಲೆಗಳಾಗಿರಲಿಲ್ಲ. ನೀರುಗಂಟಿ ಸಾಮಾನ್ಯವಾಗಿ ದಲಿತನಾಗಿರುತ್ತಿದ್ದ, ಅವನು ಹಾಯಿಸುವ ನೀರು ಬಹುತೇಕ ಬೇರೆಯವರ ಗದ್ದೆಗೆ ಹೋಗುತ್ತಿತ್ತು. ಆದರೂ ಮೊದಲು ತೀರ್ಮಾನ, ಆಮೇಲೆ ಬಿತ್ತನೆ ಎಂಬ ಆ ಕ್ರಮದಲ್ಲಿ ಇಂದಿಗೂ ಬೇಕಾದ ಸತ್ವವಿದೆ. ಬಿತ್ತಿದ ಮೇಲೆ ಯಾವ ರೈತನೂ ನೀರು ಬಿಟ್ಟುಕೊಡಲಾರ, ಬಿಟ್ಟುಕೊಡು ಎಂದು ಅವನನ್ನು ಕೇಳುವುದೂ ನ್ಯಾಯವಲ್ಲ.

ಕಾವೇರಿ ಕುಟುಂಬ ಹಲವು ವರ್ಷ ಸೇರುತ್ತಲೇ ಇತ್ತು. ಸಂಕಷ್ಟ ಹಂಚಿಕೆಯ ಬೇರೆ ಬೇರೆ ಸೂತ್ರಗಳನ್ನು ಚರ್ಚಿಸಿತು, ಒಮ್ಮತದ ಒಂದು ಸೂತ್ರಕ್ಕೆ ತಲುಪಲಿಲ್ಲ. ಎರಡೂ ಸರ್ಕಾರಗಳು ಅದಕ್ಕೆ ಅಧಿಕೃತ ಮನ್ನಣೆ ಕೊಡಲಿಲ್ಲ. ಪುಟ್ಟಣ್ಣಯ್ಯನವರು ಸುಪ್ರೀಂ ಕೋರ್ಟ್ ತೀರ್ಪು ಬಂದ ಎರಡೇ ದಿನಕ್ಕೆ, 2018ರ ಫೆಬ್ರುವರಿ 18ರಂದು, ಮಂಡ್ಯದಲ್ಲಿ ತೀರಿಕೊಂಡರು. ಸೂತ್ರ ಸಿಗಲಿಲ್ಲವೆಂಬ ಕಾರಣಕ್ಕೆ ಇಡೀ ಪ್ರಯತ್ನವನ್ನು ವಿಫಲವೆನ್ನುವವರಿದ್ದಾರೆ. ನಾನು ಆ ಮಾತನ್ನು ಒಪ್ಪುವುದಿಲ್ಲ. 1990ರಿಂದ 2018ರವರೆಗೆ ವಕೀಲರು ವಾದಿಸಿಯೂ ಸಂಕಷ್ಟದ ವರ್ಷಕ್ಕೆ ಸೂತ್ರ ಸಿಕ್ಕಿಲ್ಲ. ಮನ್ನಣೆಯಾಗಲಿ ಸರ್ಕಾರದ ದತ್ತಾಂಶವಾಗಲಿ ಇಲ್ಲದೆ ರೈತರು ಅದನ್ನು ಕೆಲವೇ ವರ್ಷಗಳಲ್ಲಿ ಕೊಡಬೇಕಿತ್ತು ಎನ್ನುವುದು ನ್ಯಾಯವಲ್ಲ.

ಮಾತುಕತೆಗೆ ಒಳ್ಳೆಯ ಕಾಲ ಜಲಾಶಯ ತುಂಬಿರುವ ಕಾಲ. 2024ರಲ್ಲಿ ಕನ್ನಂಬಾಡಿ ತುಂಬಿತು, 2025ರಲ್ಲಂತೂ ಜೂನ್ ತಿಂಗಳಲ್ಲಿಯೇ ತುಂಬಿ, ಹಿಂದೆಂದೂ ಇಲ್ಲದಂತೆ ಆ ತಿಂಗಳಿನಲ್ಲೇ ಬಾಗಿನ ಅರ್ಪಣೆಯಾಯಿತು. ಇಂತಹ ವರ್ಷಗಳಲ್ಲಿ ಬಂದ್ ಇರುವುದಿಲ್ಲ, ಆದ್ದರಿಂದ ಸುದ್ದಿಯೂ ಇರುವುದಿಲ್ಲ, ಯಾರಿಗೂ ಕಾವೇರಿಯ ನೆನಪೂ ಇರುವುದಿಲ್ಲ. ಎರಡೂ ರಾಜ್ಯಗಳ ಕೃಷಿ ವಿಶ್ವವಿದ್ಯಾಲಯಗಳು ಸೇರಿ ಕೊನೆಯ ಭಾಗದ ರೈತರನ್ನೂ ಕೂಲಿ ಕೆಲಸದ ಹೆಂಗಸರನ್ನೂ ಒಂದೆಡೆ ಕೂರಿಸಲು ಸರ್ಕಾರಗಳ ಒಪ್ಪಿಗೆಗಾಗಿ ಕಾಯಬೇಕಿಲ್ಲ. ಜುಲೈ ಕೊನೆಯ ಹೊತ್ತಿಗೆ ಕನ್ನಂಬಾಡಿ, ಕಬಿನಿ, ಹೇಮಾವತಿ, ಹಾರಂಗಿಗಳ ಒಟ್ಟು ಸಂಗ್ರಹ ಇಂತಿಷ್ಟಕ್ಕಿಂತ ಕಡಿಮೆಯಿದ್ದರೆ ಅಲ್ಲಿ ಎಷ್ಟು ಎಕರೆ ಸಾಂಬಾ ತಡವಾಗಬೇಕು, ಇಲ್ಲಿ ಎಷ್ಟು ಎಕರೆ ಭತ್ತದ ಬದಲು ರಾಗಿ ಆಗಬೇಕು, ಕೈತಪ್ಪಿದ ಕೂಲಿಯನ್ನು ಯಾರು ಭರಿಸಬೇಕು ಎಂಬ ಮೂರು ಪ್ರಶ್ನೆಗಳನ್ನು ಮಾತ್ರ ಮೊದಲ ಸಭೆಗೆ ಇಟ್ಟುಕೊಂಡರೆ ಸಾಕು. ಮಂಡ್ಯದಲ್ಲಿ ಅಂತಹ ಸಭೆ ಕರೆಯುವವರಿದ್ದರೆ, ತಮಿಳಿನಿಂದ ಕನ್ನಡಕ್ಕೆ ಮಾತು ದಾಟಿಸಬಲ್ಲವರನ್ನು ಹುಡುಕಿ ಕರೆತರುವ ಹೊಣೆ ನನಗಿರಲಿ.