ಎಡಗೈಗೆ ಕ್ಲಚ್ ಇಲ್ಲದ ಗಾಡಿ

9 ನವೆಂಬರ್ 2024, ಶನಿವಾರ

ದಿನಾ ಓಡಾಟಕ್ಕೆ ಸ್ಕೂಟರ್ ತಗೊಳ್ಳೋದಾ ಬೇಡವಾ ಅಂತ ಬೈಕಿನವರು ಮಾತಿಗಿಳಿದರೆ ಮೊದಲು ಪಿಕಪ್ ಬರುತ್ತೆ, ಹಿಂದೆಯೇ ಮೈಲೇಜ್. ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆಗಳೇ ಬೇರೆ. ಒಂದು ಕಿಲೋಮೀಟರಿಗೆ ಎಷ್ಟು ಸಲ ನಿಲ್ಲಬೇಕು? ರಸ್ತೆ ಎಷ್ಟು ಕೆಟ್ಟಿದೆ? ನಿಲ್ಲೋದು ಜಾಸ್ತಿ ಆದಷ್ಟೂ ಸ್ಕೂಟರ್ ಗೆಲ್ಲುತ್ತೆ, ಗುಂಡಿ ಜಾಸ್ತಿ ಆದಷ್ಟೂ ಬೈಕ್. ಎರಡೂ ಇರೋ ದಾರಿಯೇ ಹೆಚ್ಚಿನವರ ಪಾಲಿಗೆ ಬಂದಿರೋದರಿಂದ ಈ ಚರ್ಚೆ ಮುಗಿಯೋದಿಲ್ಲ.

ನಿಲ್ಲೋ ವಿಷಯ ಮೊದಲು. ಬೈಕಿನಲ್ಲಿ ಪ್ರತಿ ಸಿಗ್ನಲ್‌ಗೂ ಕ್ಲಚ್ ಹಿಡಿದು, ಗೇರ್ ಇಳಿಸಿ, ನ್ಯೂಟ್ರಲ್ ಹುಡುಕಿ, ಮತ್ತೆ ಒಂದನೇ ಗೇರಿಗೆ ಹಾಕಬೇಕು. ಸ್ಕೂಟರಿನಲ್ಲಿ ಈ ಕೆಲಸವನ್ನು ಸೆಂಟ್ರಿಫ್ಯೂಗಲ್ ಕ್ಲಚ್ ತಾನೇ ಮಾಡಿಕೊಳ್ಳುತ್ತೆ. ಐಡಲ್, ಅಂದರೆ ಥ್ರಾಟಲ್ ಮುಚ್ಚಿದಾಗಿನ ಎಂಜಿನ್ ವೇಗ, ಸುಮಾರು 1,700 ಆರ್‌ಪಿಎಂ ಇರುತ್ತೆ. ಥ್ರಾಟಲ್ ಕೊಟ್ಟು ಅದು ಏರಿದ ಹಾಗೆ ಕ್ಲಚ್ ಶೂಗಳು ಹೊರಕ್ಕೆ ಸರಿದು, ಸುತ್ತಲಿರೋ ಬೆಲ್ ಅನ್ನು (ಹಿಂಚಕ್ರವನ್ನು ತಿರುಗಿಸೋ ಲೋಹದ ಬಟ್ಟಲು) ಹಿಡಿಯುತ್ತವೆ. ಇದಕ್ಕೂ ಒಂದು ಬೆಲೆ ಇದೆ. ಟ್ರಾಫಿಕ್ಕಿನಲ್ಲಿ ಅಂಗುಲ ಅಂಗುಲ ಮುಂದೆ ಸರಿಸ್ತಾ ಇದ್ದರೆ ಶೂ ಅರ್ಧ ಹಿಡಿದು ಅರ್ಧ ಜಾರುತ್ತೆ, ಬಿಸಿಯಾಗಿ ಅದರ ಮೇಲ್ಮೈ ಗಾಜಿನಂತೆ ನುಣುಪಾಗುತ್ತೆ. ಆಮೇಲೆ ಗಾಡಿ ಹೊರಡುವಾಗ ಗಡಗಡ ನಡುಗುತ್ತೆ. ಬಹಳ ಜನ ಎಂಜಿನ್ ಹೋಯ್ತು ಅಂದುಕೊಳ್ಳೋದು ಇದನ್ನೇ. ಬೆಲ್ ಬಿಚ್ಚಿ, ಶೂಗಳ ಮೇಲೆ ಮಧ್ಯಮ ಎಮರಿ ಪೇಪರ್ ಆಡಿಸಿ, ಬೆಲ್ಲಿನ ಒಳಮೈ ಒರೆಸಿದರೆ ಸಾಮಾನ್ಯವಾಗಿ ನಡುಕ ನಿಲ್ಲುತ್ತೆ. ಅಲ್ಲಿನ ಧೂಳನ್ನು ಬಾಯಲ್ಲಿ ಊದಬೇಡಿ, ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ತೆಗೆಯಿರಿ. ಬೆಲ್ ನೀಲಿಗಟ್ಟಿದ್ದರೆ ಅದು ಮಿತಿಮೀರಿ ಕಾದಿದೆ ಅಂತ. ಇದು ಬರದಂತೆ ತಡೆಯೋದು ಸುಲಭ: ಮುಂದೆ ಒಂದಿಷ್ಟು ಜಾಗ ಆಗೋ ತನಕ ಕಾದು, ಹೊರಟಮೇಲೆ ಸರಿಯಾಗಿ ಥ್ರಾಟಲ್ ಕೊಡಿ, ಇಲ್ಲವಾದರೆ ಪೂರ್ತಿ ಮುಚ್ಚಿ.

ಕ್ಲಚ್ ಇರೋ ಕವರ್ ಒಳಗೇ ಎಂಜಿನ್ ಶಕ್ತಿಯನ್ನು ಹಿಂದಕ್ಕೆ ಒಯ್ಯೋ ಬೆಲ್ಟ್ ಮತ್ತು ವೇಗಕ್ಕೆ ತಕ್ಕಂತೆ ಗೇರ್ ತಾನೇ ಬದಲಾಗುವಂತೆ ಮಾಡೋ ವೇರಿಯೇಟರ್ ರೋಲರುಗಳಿವೆ. ರೋಲರಿನ ಒಂದು ಪಕ್ಕ ಸವೆದು ಚಪ್ಪಟೆ ಆದರೆ ವೇಗ ಏರುವಾಗ ಒಂದು ಹಂತದಲ್ಲಿ ಗಾಡಿ ಮುಗ್ಗರಿಸಿದ ಹಾಗೆ ಆಗುತ್ತೆ, ಎಂಜಿನ್ ಕಿರುಚುತ್ತೆ, ಗಾಡಿ ಓಡಲ್ಲ. ಬದಲಿಸೋದಾದರೆ ಎಲ್ಲವನ್ನೂ ಒಟ್ಟಿಗೆ, ಅದೇ ತೂಕದ್ದೇ ಹಾಕಿ. ಬೆಲ್ಟಿಗೆ ಬಹುತೇಕ ಸಣ್ಣ ಸ್ಕೂಟರುಗಳಲ್ಲಿ 20,000 ಕಿಲೋಮೀಟರಿನ ಆಸುಪಾಸು ಆಯುಸ್ಸು, ನಿಖರ ಅಂಕಿ ಮ್ಯಾನ್ಯುಯಲ್‌ನಲ್ಲಿರುತ್ತೆ. ಸವೆದ ಬೆಲ್ಟ್ ಅಗಲದಲ್ಲಿ ಕಿರಿದಾಗುತ್ತೆ, ಹಾಗಾಗಿ ಕಣ್ಣಳತೆ ಸಾಲದು, ಕ್ಯಾಲಿಪರ್ ಹಿಡಿದೇ ನೋಡಬೇಕು. ಚೈನ್ ಸಡಿಲವಾದರೆ ಸದ್ದು ಮಾಡಿ ತಿಳಿಸುತ್ತೆ. ಬೆಲ್ಟ್ ಹಾಗಲ್ಲ, ಎಷ್ಟೋ ಸಲ ಸುಳಿವೇ ಕೊಡದೆ ತುಂಡಾಗುತ್ತೆ, ಥ್ರಾಟಲ್ ಎಷ್ಟು ತಿರುಗಿಸಿದರೂ ಗಾಡಿ ಹಂದಲ್ಲ.

ಇನ್ನು ಬೈಕಿನವರು ನಿಜಕ್ಕೂ ತಲೆ ಕೆಡಿಸಿಕೊಳ್ಳಬೇಕಾದ ವಿಷಯ, ಎಡಗೈ. ಬೈಕಿನಲ್ಲಿ ಗಾಬರಿ ಆದಾಗ ಎಡಗೈ ಕ್ಲಚ್ ಲಿವರನ್ನು ಪೂರ್ತಿ ಎಳೆಯುತ್ತೆ, ಅಲ್ಲಿ ಅದರಿಂದ ಅಪಾಯವಿಲ್ಲ. ಸ್ಕೂಟರಿನಲ್ಲಿ ಅದೇ ಜಾಗದಲ್ಲಿ ಹಿಂದಿನ ಬ್ರೇಕ್ ಇದೆ. ಅಷ್ಟೇ ಜೋರಾಗಿ ಎಳೆದರೆ ಹಿಂಚಕ್ರ ಲಾಕ್ ಆಗಿ ಪಕ್ಕಕ್ಕೆ ಜಾರುತ್ತೆ. ಬಲಗಾಲು ಇಲ್ಲದ ಪೆಡಲನ್ನು ಹುಡುಕಿ ಫುಟ್‌ಬೋರ್ಡನ್ನು ಒತ್ತುತ್ತಾ ಇರುತ್ತೆ, ಅದು ಬೇರೆ. ಎರಡೂ ಗಾಡಿ ಇಟ್ಟುಕೊಂಡು ಬದಲಾಯಿಸುತ್ತಾ ಓಡಿಸುವವರು ಹೊರಡುವ ಮೊದಲು, ಖಾಲಿ ಜಾಗದಲ್ಲಿ ನಾಲ್ಕೈದು ಸಲ ಎರಡೂ ಲಿವರ್ ಒಟ್ಟಿಗೆ ಹಂತಹಂತವಾಗಿ ಒತ್ತಿ ನಿಲ್ಲಿಸಿ ಕೈಗೆ ನೆನಪು ಮಾಡಿಸಬೇಕು. ಕಾಂಬಿ ಬ್ರೇಕ್ (ಎಡ ಲಿವರ್ ಎಳೆದರೆ ಎರಡೂ ಚಕ್ರಕ್ಕೆ ಬ್ರೇಕ್ ಬೀಳೋ ವ್ಯವಸ್ಥೆ) ಇದೆ ಅಂತ ಎಡ ಲಿವರನ್ನೇ ನಂಬಿ ಕೂರಬೇಡಿ. ಅದರಲ್ಲಿ ಮುಂದಿನ ಚಕ್ರಕ್ಕೆ ಸಿಗೋದು ಒಂದು ಪಾಲು ಮಾತ್ರ, ಪೂರ್ತಿ ಹಿಡಿತ ಬಲಗೈಯಲ್ಲೇ ಇರೋದು.

ಯು-ಟರ್ನ್ ಕೂಡ ಹೀಗೇ. ಬೈಕಿನಲ್ಲಿ ಅರ್ಧ ಕ್ಲಚ್‌ನಲ್ಲಿ ತಿರುಗಿಸುತ್ತೀವಿ. ಸ್ಕೂಟರಿನಲ್ಲಿ ತಿರುಗುವಾಗ ಥ್ರಾಟಲ್ ಮುಚ್ಚಿದರೆ ಕ್ಲಚ್ ಬಿಟ್ಟುಕೊಂಡು ಎಳೆತವೇ ಇಲ್ಲವಾಗುತ್ತೆ, ವಾಲಿದ ಗಾಡಿ ವಾಲಿದ ಕಡೆಗೇ ಮಲಗುತ್ತೆ. ಥ್ರಾಟಲ್ ಸ್ವಲ್ಪ ತೆರೆದೇ ಇಟ್ಟು, ವೇಗವನ್ನು ಹಿಂದಿನ ಬ್ರೇಕಿನ ಹಗುರ ಒತ್ತಡದಲ್ಲಿ ಹಿಡಿಯಿರಿ.

ಇಳಿಜಾರಿನಲ್ಲಿ ನಾನು ಬೈಕಿನ ಪಕ್ಷ. ಎರಡನೇ ಗೇರಿನಲ್ಲಿ ಎಂಜಿನ್ ಬ್ರೇಕಿಂಗ್ (ಥ್ರಾಟಲ್ ಬಿಟ್ಟಾಗ ಎಂಜಿನ್ನೇ ಗಾಡಿಯನ್ನು ತಡೆಯೋದು) ಕೊಡೋ ಹಿಡಿತ ಸ್ಕೂಟರಿನಲ್ಲಿ ಇಲ್ಲ. ವೇಗ ತೀರಾ ಕಡಿಮೆಯಾದಾಗ ಶೂಗಳು ಬೆಲ್ಲನ್ನು ಬಿಟ್ಟುಬಿಡುತ್ತವೆ, ಅಲ್ಲಿಂದಾಚೆ ಗಾಡಿ ನ್ಯೂಟ್ರಲ್‌ನಲ್ಲಿ ಉರುಳಿದ ಹಾಗೆ. ಒಮ್ಮೆ ಚೂರೇ ಚೂರು ಥ್ರಾಟಲ್ ಕೊಟ್ಟು ಬಿಟ್ಟರೆ ಕ್ಲಚ್ ಮತ್ತೆ ಹಿಡಿದು ಅಲ್ಪಸ್ವಲ್ಪ ತಡೆ ಸಿಗುತ್ತೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಕೊಂಡೇ ಇಳಿಯಬೇಡಿ. ಒತ್ತಿ, ವೇಗ ತಗ್ಗಿಸಿ, ಬಿಡಿ. ಡ್ರಮ್ ಬ್ರೇಕಿಗಂತೂ ಆರಲು ಬಿಡುವು ಬೇಕೇ ಬೇಕು.

ಗುಂಡಿಯ ಲೆಕ್ಕ. ಸ್ಕೂಟರಿನ 90/100-10 ಟೈರಿನ (ಕೊನೆಯ ಅಂಕಿ ರಿಮ್ ಎಷ್ಟು ಇಂಚು ಅಂತ) ವ್ಯಾಸ ಸುಮಾರು 434 ಮಿಲಿಮೀಟರ್, ಬೈಕಿನ 80/100-18 ಟೈರಿನದು 617. ಒಂದು ಕಿಲೋಮೀಟರಿಗೆ ಸಣ್ಣದು ಸುಮಾರು 730 ಸುತ್ತು ಹೊಡೆದರೆ ದೊಡ್ಡದು 515. ಟೈರ್, ಬೇರಿಂಗ್ ಬೇಗ ಸವೆಯೋದಕ್ಕೆ ಇದೂ ಒಂದು ಕಾರಣ. ಬೈಕ್ ದಾಟಿಕೊಂಡು ಹೋಗೋ ಗುಂಡಿಯೊಳಗೆ ಸ್ಕೂಟರ್ ಇಳಿದು ಹತ್ತುತ್ತೆ. ಸಾಲದ್ದಕ್ಕೆ ಸ್ಕೂಟರಿನ ಎಂಜಿನ್ನೇ ಸ್ವಿಂಗ್‌ಆರ್ಮ್, ಅಂದರೆ ಹಿಂಚಕ್ರವನ್ನು ಹಿಡಿದು ಅದರ ಜೊತೆ ಮೇಲೆ ಕೆಳಗೆ ಆಡೋ ತೋಳು. ಸಸ್ಪೆನ್ಷನ್ ಅಷ್ಟು ಭಾರವನ್ನು ಎತ್ತಿ ಇಳಿಸಬೇಕು, ಹಾಗಾಗಿ ಹಿಂದಿನ ಪೆಟ್ಟು ಚುರುಕಾಗಿ ಬೆನ್ನಿಗೇ ಬರುತ್ತೆ. ಬೈಕಿನಲ್ಲಾದರೆ ಫುಟ್‌ಪೆಗ್ ಮೇಲೆ ಭಾರ ಹಾಕಿ ಸೀಟಿನಿಂದ ಎರಡು ಬೆರಳು ಏಳಬಹುದು. ಕಾಲು ಮುಂದಿಟ್ಟು ಕೂತಾಗ ಅದು ಆಗೋ ಮಾತಲ್ಲ. ಸೊಂಟನೋವು ಇರುವವರು ಸ್ಕೂಟರ್ ಆರಾಮ ಅಂತ ನಂಬಿ ತಗೊಳ್ಳೋ ಮೊದಲು ಕೆಟ್ಟ ರಸ್ತೆಯಲ್ಲೇ ಟೆಸ್ಟ್ ರೈಡ್ ಕೇಳಲಿ. ತಪ್ಪಿಸಲಾಗದ ಗುಂಡಿ ಎದುರಾದರೆ ಅದರೊಳಗೆ ಇಳಿಯೋ ಮುನ್ನವೇ ಬ್ರೇಕ್ ಬಿಡಿ, ಮುಂದಿನ ಸಸ್ಪೆನ್ಷನ್‌ಗೆ ಕೆಲಸ ಮಾಡಲು ಜಾಗ ಸಿಗುತ್ತೆ.

ಟೈರಿಗೆ ಗಾಳಿ ತುಂಬಿಸೋದರಲ್ಲೂ ಬೈಕಿನ ಅಭ್ಯಾಸ ಕೈಕೊಡುತ್ತೆ. 10 ಇಂಚಿನ ಗಾಡಿಗಳಿಗೆ ಸಾಮಾನ್ಯವಾಗಿ ಮುಂದೆ 22, ಹಿಂದೆ 29 ಪಿಎಸ್‌ಐ ಹತ್ತಿರ ಹೇಳಿರುತ್ತಾರೆ. ಮುಂದಕ್ಕೂ 30 ತುಂಬಿಸಿದರೆ ಮೊದಲೇ ಹಗುರಾದ ಮುಂಭಾಗ ಪುಟಿಯುತ್ತೆ, ಮರಳಿನ ಮೇಲೆ ಬೇಗ ಜಾರುತ್ತೆ. ಒಳಗಿರೋ ಗಾಳಿಯೇ ಕಡಿಮೆ, ಸಣ್ಣ ಸೋರಿಕೆಗೂ ಒತ್ತಡ ಬೇಗ ಇಳಿಯುತ್ತೆ. ವಾರಕ್ಕೊಮ್ಮೆ ನೋಡಿ.

ಎಣ್ಣೆ: ಬೈಕಿನ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿರೋದರಿಂದ ಜಾಸೊ (ಎಂಜಿನ್ ಆಯಿಲ್‌ಗೆ ಜಪಾನಿನ ಮಾನದಂಡ) ಎಂಎ ದರ್ಜೆಯದ್ದು ಬೇಕು. ಸ್ಕೂಟರಿನದು ಒಣ ಕ್ಲಚ್, ಜಾಸೊ ಎಂಬಿ ನಡೆಯುತ್ತೆ. ಸ್ಕೂಟರಿಗೆ ತಂದು ಉಳಿದ ಎಂಬಿ ಡಬ್ಬಿಯನ್ನು ಬೈಕಿಗೆ ಸುರಿದರೆ ಕ್ಲಚ್ ಜಾರಲು ಶುರುವಾಗಬಹುದು. ಎಲ್ಲರೂ ಮರೆಯೋದು ಹಿಂಚಕ್ರದ ಪಕ್ಕದ ಗೇರ್ ಆಯಿಲ್. ಇರೋದೇ 100 ಮಿಲಿ ಆಸುಪಾಸು, ಆದರೂ ಬದಲಿಸಬೇಕು. ಹಾಲುಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ.

ಸೀಟಿನಡಿ ಜಾಗ, ಮಳೆಯಲ್ಲಿ ಕಾಲಿಗೆ ಕೆಸರು ಹಾರದಿರೋದು, ಚೈನಿಗೆ ಎಣ್ಣೆ ಹಾಕೋ ಕೆಲಸ ಇಲ್ಲದಿರೋದು, ಇವುಗಳ ಬಗ್ಗೆ ವಾದವೇ ಇಲ್ಲ. ಆದರೆ ಬ್ಯಾಟರಿ ಸತ್ತರೆ ತಳ್ಳಿ ಸ್ಟಾರ್ಟ್ ಮಾಡೋ ದಾರಿ ಮುಚ್ಚಿದೆ, ಚಕ್ರ ತಿರುಗಿದರೂ ಕ್ಲಚ್ ಹಿಡಿಯಲ್ಲವಲ್ಲ. ಇಳಿಜಾರಿನಲ್ಲಿ ಗೇರಿಗೆ ಹಾಕಿ ನಿಲ್ಲಿಸೋಕೂ ಆಗಲ್ಲ. ಪಾರ್ಕಿಂಗ್ ಬ್ರೇಕ್ ಇಲ್ಲದ ಗಾಡಿಯನ್ನು ಅಂಥ ಕಡೆ ಮೇನ್ ಸ್ಟ್ಯಾಂಡಿಗೇ ಹಾಕಿ.

ಎರಡರ ನಡುವಿನ ದಾರಿಯೂ ಉಂಟು. 1958ರಲ್ಲಿ ಬಂದ ಹೋಂಡಾ ಸೂಪರ್ ಕಬ್ 17 ಇಂಚಿನ ಚಕ್ರ, ಕಾಲಿನ ಗೇರ್, ಲಿವರ್ ಇಲ್ಲದ ಕ್ಲಚ್ ಮೂರನ್ನೂ ಒಂದೇ ಗಾಡಿಯಲ್ಲಿ ಸೇರಿಸಿತ್ತು. ಈಗಿನವರಿಗೆ 14 ಇಂಚು ಅಥವಾ ಅದಕ್ಕಿಂತ ದೊಡ್ಡ ಚಕ್ರದ ಸ್ಕೂಟರ್ ಇದೆ. ಸೀಟಿನಡಿಯ ಡಿಕ್ಕಿ ಚಿಕ್ಕದಾಗುತ್ತೆ, ಗುಂಡಿಯ ಪೆಟ್ಟು ತಗ್ಗುತ್ತೆ. ನನ್ನ ಮತ ಅದಕ್ಕೇ.

ಹಳೇ ಸ್ಕೂಟರ್ ನೋಡಲು ಹೋಗುವವರಿಗೆ ಒಂದು ಪರೀಕ್ಷೆ: ಮೇನ್ ಸ್ಟ್ಯಾಂಡ್ ಹಾಕಿ, ಹಿಂದಿನ ಬ್ರೇಕ್ ಹಿಡಿದು ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಬ್ರೇಕ್ ನಿಧಾನ ಬಿಡಿ. ಐಡಲ್‌ನಲ್ಲಿ ಚಕ್ರ ಸೋಮಾರಿಯಾಗಿ ತಿರುಗಿದರೆ ಚಿಂತೆಯಿಲ್ಲ. ರಭಸವಾಗಿ ತಿರುಗಿದರೆ ಐಡಲ್ ಹೆಚ್ಚಿದೆ ಅಥವಾ ಕ್ಲಚ್ ಸ್ಪ್ರಿಂಗ್ ಸೋತಿದೆ. ಬೆಲ್ಟ್ ಕವರ್ ಬಿಚ್ಚಿಸಿ ನೋಡದೆ ಮಾತು ಮುಗಿಸಬೇಡಿ.