ಡಿಸೆಂಬರಿನ ಬುಧವಾರ, ಗ್ಲೆಂಟ್ರೆಸ್ ಕಾಡು, ರಾತ್ರಿ ಏಳು

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಡಿಸೆಂಬರ್ 21ರ ಆಸುಪಾಸು ಸೂರ್ಯ ಮುಖ ತೋರಿಸುವುದು ಬೆಳಿಗ್ಗೆ 8.40ರ ಮೇಲೆ. 3.40ಕ್ಕೆಲ್ಲ ಮುಳುಗಿಬಿಡುತ್ತಾನೆ. ನಡುಹಗಲಲ್ಲೂ ದಿಗಂತದಿಂದ ಹನ್ನೊಂದು ಡಿಗ್ರಿ ಮೇಲೇರುವುದಿಲ್ಲ. ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆ ದಾಟುವ ಬೆಂಗಳೂರಿನಿಂದ ಬಂದವರಿಗೆ ಮೊದಲ ಚಳಿಗಾಲದಲ್ಲಿ ಇದು ಹಗಲೋ ಇರುಳಿನ ವಿರಾಮವೋ ತಿಳಿಯುವುದಿಲ್ಲ. ಅಕ್ಟೋಬರಿನಲ್ಲಿ ಮೌಂಟನ್ ಬೈಕನ್ನು ಗೋಡೆಗೆ ನೇತುಹಾಕಿ ಮಾರ್ಚಿನಲ್ಲಿ ಇಳಿಸುವವರೇ ಹೆಚ್ಚು. ನಡುವೆ ಮನೆಯೊಳಗೆ ಟರ್ಬೊ ಟ್ರೇನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯಲು ಏರಿಸುವ ಸ್ಟ್ಯಾಂಡು) ತುಳಿದಿದ್ದರೆ ಕಾಲಿನ ಕಸುವು ಹಾಗೇ ಇರುತ್ತದೆ. ಕೆಟ್ಟಿರುವುದು ಕಣ್ಣು ಮತ್ತು ಕೈ. ಒದ್ದೆ ಬೇರಿನ ಮೇಲೆ ಬ್ರೇಕ್ ಹಿಡಿಯಬಾರದೆಂಬುದು ತಲೆಗೆ ನೆನಪಿದ್ದರೂ ಬೆರಳಿಗೆ ಮರೆತಿರುತ್ತದೆ. ಅದಕ್ಕೇ ವಾರಕ್ಕೊಂದು ಸಲವಾದರೂ ಕತ್ತಲಲ್ಲೇ ಕಾಡಿಗೆ ಹೋಗಬೇಕು. ನಮ್ಮ ಕಡೆ ಅದು ಬುಧವಾರ.

ಬುಧವಾರದ ಸವಾರಿ ಶುರುವಾಗುವುದು ಮಂಗಳವಾರ ರಾತ್ರಿ. ಕೆಲಸ ಮುಗಿಸಿ ಬಂದಮೇಲೆ ಬ್ಯಾಟರಿ ಚಾರ್ಜ್‌ಗೆ ಹಾಕಿ, ಕೈಗವಸು ಹುಡುಕಿ, ಟೈರಿಗೆ ಗಾಳಿ ಹೊಡೆಯಬೇಕೆಂದರೆ ಸೋಫಾ ಗೆಲ್ಲುತ್ತದೆ, ಅನುಮಾನವೇ ಬೇಡ. ಎಲ್ಲವನ್ನೂ ಹಿಂದಿನ ರಾತ್ರಿಯೇ ಬಾಗಿಲ ಬಳಿ ಜೋಡಿಸಿಡಿ. ಗಾಳಿಯ ವಿಷಯದಲ್ಲಿ ಒಂದು ಲೆಕ್ಕ ನೆನಪಿರಲಿ: 20 ಡಿಗ್ರಿಯ ಬೆಚ್ಚಗಿನ ಕೋಣೆಯಲ್ಲಿ 24 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿದ ಟೈರು ಶೂನ್ಯ ಡಿಗ್ರಿಯ ಕಾಡಿನಲ್ಲಿ 21ರ ಹತ್ತಿರಕ್ಕೆ ಇಳಿದಿರುತ್ತದೆ. ಕೆಸರಿಗೆ 21 ಹಿತವೇ. ಆದರೆ ಕಲ್ಲಿಗೆ ಬಡಿದಾಗ ರಿಮ್ಮಿಗೆ ಏಟು ಬೀಳುವುದೂ ಅಲ್ಲೇ. ಎರಡೂವರೆ ಪಿಎಸ್‌ಐ ಹೆಚ್ಚಿಗೆ ತುಂಬಿ ಹೊರಡಿ. ಟ್ಯೂಬ್‌ಲೆಸ್ ಟೈರಿನೊಳಗಿನ, ತೂತು ಮುಚ್ಚುವ ಸೀಲೆಂಟ್ ದ್ರವ ಎರಡು ಮೂರು ತಿಂಗಳಲ್ಲಿ ಒಣಗಿ ರಬ್ಬರಿನ ಸಿಪ್ಪೆಯಾಗಿರುತ್ತದೆ. ಬೇಸಿಗೆಯಲ್ಲಿ ಹಾಕಿದ್ದನ್ನು ನಂಬಬೇಡಿ, 29 ಇಂಚಿನ ಟೈರಿಗೆ ಸುಮಾರು 100 ಮಿ.ಲೀ. ಹೊಸದಾಗಿ ಹಾಕಿ.

ಬ್ರೇಕ್ ಪ್ಯಾಡ್ ಬಗ್ಗೆ ಜಿಪುಣತನ ಸಲ್ಲದು. ರಾಳದಿಂದ ಮಾಡಿದ ಆರ್ಗ್ಯಾನಿಕ್ ಪ್ಯಾಡ್ ಬೇಸಿಗೆಯಲ್ಲಿ ಸದ್ದಿಲ್ಲದೆ ಹಿಡಿಯುತ್ತದೆ, ಚಳಿಗಾಲದ ಮರಳುಗೆಸರಿನಲ್ಲಿ ಒಂದೇ ಸಂಜೆಗೆ ಸವೆದು ತಗಡು ಕಾಣಿಸಬಹುದು. ನವೆಂಬರಿನಿಂದ ಲೋಹದ ಪುಡಿಯನ್ನು ಕಾಯಿಸಿ ಒತ್ತಿ ಮಾಡಿದ ಸಿಂಟರ್ಡ್ ಪ್ಯಾಡ್ ಹಾಕಿ. ಕಿರುಚುತ್ತದೆ, ಕಿರುಚಲಿ. ಹೊಸ ಪ್ಯಾಡನ್ನು ನೇರ ಕೆಸರಿಗೆ ಒಯ್ಯದೆ, ಒಣ ರಸ್ತೆಯಲ್ಲಿ ವೇಗ ತೆಗೆದುಕೊಂಡು ನಿಲ್ಲುವಷ್ಟು ನಿಧಾನಿಸುವುದನ್ನು ಇಪ್ಪತ್ತು ಸಲ ಮಾಡಿ ಪಳಗಿಸಬೇಕು.

ಇನ್ನು ದೀಪ. ಒಂದೇ ದೀಪ ಕೊಳ್ಳಲು ದುಡ್ಡಿದ್ದರೆ ಎಲ್ಲರೂ ಹೆಲ್ಮೆಟ್ಟಿನದನ್ನೇ ಕೊಳ್ಳುತ್ತಾರೆ, ಅಲ್ಲೇ ತಪ್ಪುವುದು. ಹೆಲ್ಮೆಟ್ ದೀಪದ ಬೆಳಕು ಕಣ್ಣಿನ ಪಕ್ಕದಿಂದಲೇ ಹೊರಡುವುದರಿಂದ ಬೇರು, ಕಲ್ಲು, ಗುಂಡಿಯ ನೆರಳು ಅವುಗಳ ಹಿಂದೆಯೇ ಅಡಗುತ್ತದೆ. ಹಾದಿ ಸಪಾಟಾಗಿ ಕಾಣುತ್ತದೆ, ಆಮೇಲೆ ಮುಂದಿನ ಚಕ್ರ ಗುಂಡಿಗೆ ಇಳಿದಾಗಲೇ ಗೊತ್ತಾಗುವುದು. ಹ್ಯಾಂಡಲ್‌ಬಾರಿನ ದೀಪ ಕೆಳಗಿನಿಂದ ಓರೆಯಾಗಿ ಬಿದ್ದು ಪ್ರತಿ ಬೇರಿಗೂ ನೆರಳು ಕೊಡುತ್ತದೆ. ಬಾರಿನ ಮೇಲೆ 1500 ಲ್ಯುಮೆನ್ನಿನ (ಬೆಳಕಿನ ಅಳತೆ) ಅಗಲ ಬೆಳಕು, ಹೆಲ್ಮೆಟ್ಟಿಗೆ 800ರಿಂದ 1000ದ ಕಿರಿದಾದ ಬೆಳಕು: ತಿರುವಿನಲ್ಲಿ ಬಾರು ನೋಡದ ಕಡೆ ತಲೆ ನೋಡುತ್ತದೆ. ಮಂಜು ಕವಿದರೆ ಹೆಲ್ಮೆಟ್ ದೀಪ ಆರಿಸಿ, ಇಲ್ಲದಿದ್ದರೆ ಎದುರಿಗೆ ಬಿಳಿ ಗೋಡೆ. ಚಳಿಗೆ ಲಿಥಿಯಂ ಬ್ಯಾಟರಿ ಕುಗ್ಗುತ್ತದೆ. ಡಬ್ಬಿಯ ಮೇಲೆ ಎರಡು ಗಂಟೆ ಎಂದಿದ್ದರೆ ಒಂದೂವರೆ ಎಂದುಕೊಂಡೇ ಲೆಕ್ಕ ಹಾಕಿ. ಹೆಚ್ಚುವರಿ ಬ್ಯಾಟರಿ ಚೀಲದಲ್ಲಲ್ಲ, ಜಾಕೆಟ್ಟಿನೊಳಗೆ ಮೈಗೆ ತಾಗಿದಂತಿರಲಿ. ಏರಿನಲ್ಲಿ 200 ಲ್ಯುಮೆನ್ ಸಾಕೇ ಸಾಕು, ಪೂರ್ತಿ ಬೆಳಕು ಇಳಿಜಾರಿಗೆ.

ಸಂಜೆ ಆರಕ್ಕೆ ಎಡಿನ್‌ಬರೋ ಬಿಟ್ಟರೆ ಏಳಕ್ಕೆ ಪೀಬಲ್ಸ್ ಊರಾಚೆಯ ಗ್ಲೆಂಟ್ರೆಸ್. 2023ರ ವಿಶ್ವ ಚಾಂಪಿಯನ್‌ಶಿಪ್ಪಿನ ಕ್ರಾಸ್‌ಕಂಟ್ರಿ ಮೌಂಟನ್ ಬೈಕ್ ಸ್ಪರ್ಧೆಗಳು ನಡೆದದ್ದು ಇದೇ ಕಾಡಿನಲ್ಲಿ. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯ್ದೆ ಜವಾಬ್ದಾರಿಯಿಂದ ನಡೆದುಕೊಳ್ಳುವವರಿಗೆಲ್ಲ ಕಾಡುಗುಡ್ಡಗಳಲ್ಲಿ ಓಡಾಡುವ ಹಕ್ಕು ಕೊಟ್ಟಿದೆ, ಸೈಕಲ್ಲಿಗೂ ಸೇರಿ. ರಾತ್ರಿ ಸವಾರಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಮರ ಕಡಿಯುವ ಕೆಲಸಕ್ಕೆ ಹಾದಿ ಮುಚ್ಚಿದ್ದರೆ ಆ ಫಲಕಕ್ಕೆ ತಲೆಬಾಗಿ. 2021ರ ನವೆಂಬರಿನ ಆರ್ವೆನ್ ಬಿರುಗಾಳಿ ಒಂದೇ ರಾತ್ರಿ ಎಷ್ಟು ಮರ ಉರುಳಿಸಿತೆಂದು ಕಂಡವರು ಅದನ್ನು ದಾಟುವುದಿಲ್ಲ. ಒಬ್ಬೊಬ್ಬರೇ ಹೋಗುವುದೂ ಬೇಡ, ಬಿದ್ದು ಕೂತರೆ ಮೈ ತಣ್ಣಗಾಗಲು ಹೆಚ್ಚು ಹೊತ್ತು ಬೇಕಿಲ್ಲ.

ಕಾರಿನಿಂದ ಇಳಿದಾಗ ಸ್ವಲ್ಪ ನಡುಗುವಂತಿರಬೇಕು. ಬೆಚ್ಚಗಿದ್ದರೆ ಬಟ್ಟೆ ಜಾಸ್ತಿಯಾಗಿದೆ ಎಂದರ್ಥ. ಮುಕ್ಕಾಲು ಗಂಟೆಯ ಏರಿನಲ್ಲಿ ಒಳಗಿನಿಂದ ನೆಂದು, ಇಳಿಜಾರಿನ ಗಾಳಿಗೆ ಹೆಪ್ಪುಗಟ್ಟುವುದೇ ಇಲ್ಲಿಯ ಮುಖ್ಯ ಪೇಚು. ಮೈಗೆ ಉಣ್ಣೆಯ ತೆಳು ಬನಿಯನ್, ಮೇಲೆ ಗಾಳಿ ತಡೆಯುವ ಜಾಕೆಟ್. ಹತ್ತಿ ಬಟ್ಟೆ ಬೇಡವೇ ಬೇಡ. ಕೈಗವಸು ಎರಡು ಜೊತೆ: ಏರಿಗೆ ತೆಳುವಾದದ್ದು, ತುದಿ ಮುಟ್ಟಿದಮೇಲೆ ಒಣಗಿದ ದಪ್ಪನೆಯದು. ಕಾಲು ಮರಗಟ್ಟುತ್ತದೆಂದು ಎರಡೆರಡು ಕಾಲುಚೀಲ ತುರುಕುವವರಿದ್ದಾರೆ. ಬೂಟು ಬಿಗಿಯಾಗಿ ರಕ್ತ ಓಡದೆ ಇನ್ನಷ್ಟು ಮರಗಟ್ಟುತ್ತದೆ.

ಹೊಟ್ಟೆಗೆ ಒಂದೂವರೆ ಗಂಟೆ ಮೊದಲು ಅಕ್ಕಿ ಹೆಸರುಬೇಳೆ ಹುಗ್ಗಿ. ಹೇಗಿದ್ದರೂ ಧನುರ್ಮಾಸ. ಮೆಣಸು ಕಡಿಮೆ ಇರಲಿ, ಏರಿನಲ್ಲಿ ಎದೆಯುರಿ ಬರುತ್ತದೆ. ಸವಾರಿ ಒಂದು ಗಂಟೆ ಮೀರಿದರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು, ಖರ್ಜೂರವಾದರೂ ಆದೀತು. ಬೆನ್ನುಚೀಲದ ನೀರಿನ ಕೊಳವೆ ಹೆಪ್ಪುಗಟ್ಟದಿರಲು ಪ್ರತಿ ಗುಟುಕಿನ ನಂತರ ಊದಿ ನೀರನ್ನು ಚೀಲಕ್ಕೇ ಹಿಂದಿರುಗಿಸಿ.

ಇಳಿಜಾರಿನಲ್ಲಿ ಬೇಸಿಗೆಯ ವೇಗದ ಆಸೆ ಬಿಡಿ. ದೀಪ ತೋರಿಸುವುದಕ್ಕಿಂತ ಮುಂದೆ ಓಡಿದರೆ ಕೆಟ್ಟಿರಿ. ಬೇರುಗಳ ಮೊದಲೇ ವೇಗ ಇಳಿಸಿ, ಬೇರಿನ ಮೇಲೆ ಬ್ರೇಕ್ ಬಿಟ್ಟು, ಆದಷ್ಟು ಅಡ್ಡಲಾಗಿ ದಾಟಿ. ಬೇರಿನುದ್ದಕ್ಕೆ ಹೋದ ಚಕ್ರ ಜಾರದೆ ಇರುವುದಿಲ್ಲ. ಹಿಮ್ಮಡಿ ಕೆಳಗೆ, ಭಾರವೆಲ್ಲ ಪೆಡಲಿನ ಮೇಲೆ, ಕೈ ಹಗುರ. ಚಳಿಗೆ ಬಾರನ್ನು ಅವುಚಿ ಹಿಡಿಯುತ್ತೇವೆ, ಮುಂಗೈ ಕಲ್ಲಾಗಿ ಬೆರಳು ಬ್ರೇಕಿಗೆ ಬಾರದಂತಾಗುವುದು ಅದರಿಂದಲೇ. ಪ್ರತಿ ಇಳಿಜಾರಿನ ಕೊನೆಗೆ ನಿಂತು ಕೈ ಕೊಡವಿ.

ಉಳಿದ ದಿನಗಳ ಕತೆ ಬೇಗ ಮುಗಿಯುತ್ತದೆ. ಶುಕ್ರವಾರ ಟರ್ಬೊ: ಹದಿನೈದು ನಿಮಿಷ ಹಗುರ, ಆಮೇಲೆ ನಾಲ್ಕು ನಿಮಿಷ ಏದುಸಿರು ಬರುವಷ್ಟು ಮತ್ತು ಮೂರು ನಿಮಿಷ ನಿಧಾನ, ಇದು ನಾಲ್ಕು ಸುತ್ತು. ಮೊದಲ ಸುತ್ತಿನಲ್ಲೇ ಎಲ್ಲ ಸುರಿದುಬಿಟ್ಟರೆ ನಾಲ್ಕನೆಯದು ಬರೀ ಶಿಕ್ಷೆ. ಫ್ಯಾನ್ ಇಲ್ಲದೆ ತುಳಿಯಬೇಡಿ, ಮೈ ಕಾದು ಎದೆಬಡಿತ ಏರುತ್ತದೆ, ಕಾಲು ಕೆಲಸ ಮಾಡಿರುವುದಿಲ್ಲ. ಮೌಂಟನ್ ಬೈಕನ್ನೇ ಹಿಂಚಕ್ರ ಬಿಚ್ಚಿ ಟ್ರೇನರಿಗೆ ಏರಿಸುವುದಾದರೆ ಕೊಳ್ಳುವ ಮೊದಲು ಎರಡು ವಿಷಯ ನೋಡಿ: ಹಿಂಬದಿ ಹಬ್ಬಿನ (ಚಕ್ರದ ನಡುಭಾಗ) ಅಗಲ ಈಗಿನ ಬಹುತೇಕ ಬೈಕುಗಳಲ್ಲಿ 148 ಮಿ.ಮೀ. ಆದ್ದರಿಂದ ಅದಕ್ಕೊಪ್ಪುವ ಅಡಾಪ್ಟರ್, ಮತ್ತು ಗೇರಿನ ಹಲ್ಲುಚಕ್ರಗಳ ಗೊಂಚಲಾದ ಕ್ಯಾಸೆಟ್ಟಿಗೆ ತಕ್ಕ ಫ್ರೀಹಬ್ (ಅದು ಕೂರುವ ಭಾಗ). ಬೆವರು ಹ್ಯಾಂಡಲ್‌ಬಾರನ್ನು ಹಿಡಿದಿಡುವ ಸ್ಟೆಮ್ಮಿನ ಬೋಲ್ಟುಗಳಿಗೆ ಇಳಿದು ತುಕ್ಕು ತರುತ್ತದೆ, ಮೇಲೊಂದು ಟವಲ್ ಹಾಸಿ.

ಸೋಮವಾರ ಭಾರ ಎತ್ತುವ ದಿನ. ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವುದು) ಐದೈದರಂತೆ ಮೂರು ಸಲ, ಒಂಟಿ ಕಾಲಿನ ಸ್ಕ್ವಾಟ್, ಕಂಬಿಗೆ ಜೋತು ಬೀಳುವುದು ಮೂವತ್ತು ಸೆಕೆಂಡಿನಂತೆ ನಾಲ್ಕು ಸಲ. ಸೊಂಟದಿಂದ ಬಾಗಿ ಬೆನ್ನು ನೆಟ್ಟಗಿಡುವ ಡೆಡ್‌ಲಿಫ್ಟಿನ ಭಂಗಿಯೇ ಇಳಿಜಾರಿನ ಭಂಗಿ ಕೂಡ, ಅದಕ್ಕೇ ಅದು ಎಲ್ಲಕ್ಕಿಂತ ಮೊದಲು. ಬೀದಿದೀಪದ ಕೆಳಗೆ ಹತ್ತು ನಿಮಿಷ ಸೈಕಲ್ಲನ್ನು ನಿಂತಲ್ಲೇ ನಿಲ್ಲಿಸುವುದು, ಚಕ್ರ ಎತ್ತುವುದು, ಇಕ್ಕಟ್ಟಿನಲ್ಲಿ ಎಂಟರಾಕಾರ ಸುತ್ತುವುದು. ನೆರೆಯವರು ಕಿಟಕಿ ಪರದೆ ಸರಿಸಿ ನೋಡಿದರೂ ಚಿಂತೆಯಿಲ್ಲ.

ವಿಟಮಿನ್ ಡಿ ವಿಷಯ ಒಂದೇ ಮಾತು. ಅಕ್ಟೋಬರಿನಿಂದ ಮಾರ್ಚಿನ ಮೊದಲ ಭಾಗದವರೆಗೆ ಎಲ್ಲರೂ ದಿನಕ್ಕೆ 10 ಮೈಕ್ರೋಗ್ರಾಂ ತೆಗೆದುಕೊಳ್ಳುವುದನ್ನು ಯೋಚಿಸಬೇಕೆಂಬುದು ಬ್ರಿಟನ್ನಿನ ಆರೋಗ್ಯ ಇಲಾಖೆಯ ಸಲಹೆ. ನಮ್ಮಂಥ ಕಂದು ಚರ್ಮದ ದಕ್ಷಿಣ ಏಷ್ಯಾದವರಿಗೆ ವರ್ಷವಿಡೀ.

ರಾತ್ರಿ ಹತ್ತೂವರೆಗೆ ಮನೆ. ಈಗ ನಿಜವಾದ ಪರೀಕ್ಷೆ: ಸೈಕಲ್ ತೊಳೆಯುವುದು. ರಭಸದ ಜೆಟ್ ಬೇಡ, ಬೇರಿಂಗಿನೊಳಗೆ ನೀರು ನುಗ್ಗಿಸುತ್ತದೆ. ಎರಡು ಬಕೆಟ್ ಬೆಚ್ಚಗಿನ ನೀರು, ಮೆತ್ತನೆಯ ಬ್ರಷ್. ಚೈನನ್ನು ಹಳೇ ಬಟ್ಟೆಯಲ್ಲಿ ಹಿಡಿದು ಹಿಂದಕ್ಕೆ ಮೂವತ್ತು ಸುತ್ತು ತಿರುಗಿಸಿ ಒರೆಸಿ, ಒದ್ದೆ ಹವೆಯ ಎಣ್ಣೆ ಕೊಂಡಿಗೊಂದು ಹನಿ, ಹತ್ತು ನಿಮಿಷ ಬಿಟ್ಟು ಹೆಚ್ಚಾದದ್ದನ್ನು ಮತ್ತೆ ಒರೆಸಿ. ಬ್ರೇಕ್ ಡಿಸ್ಕಿನ ಬಳಿ ಸ್ಪ್ರೇ ಎಣ್ಣೆ ಹೊಡೆದರೆ ಪ್ಯಾಡ್ ಹಾಳು, ಮಾರನೆಯ ವಾರ ಬ್ರೇಕ್ ಹಿಡಿಯುವುದಿಲ್ಲ. ರಸ್ತೆಗೆ ಉಪ್ಪು ಎರಚಿದ ದಿನವಾದರೆ ತೊಳೆಯುವುದನ್ನು ಬೆಳಿಗ್ಗೆಗೆ ಮುಂದೂಡುವಂತಿಲ್ಲ.

ಬೂಟಿನೊಳಗಿನ ಅಟ್ಟೆ ತೆಗೆದು, ಹಳೇ ಪತ್ರಿಕೆ ಮುದ್ದೆ ಮಾಡಿ ತುಂಬಿ. ಮಲಗುವ ಮೊದಲು ಒಮ್ಮೆ ಕಾಗದ ಬದಲಿಸಿದರೆ ಶುಕ್ರವಾರಕ್ಕೆ ಒಣಗಿರುತ್ತದೆ. ಸಂಕ್ರಾಂತಿಯ ಹೊತ್ತಿಗೆ ಎಡಿನ್‌ಬರೋದ ಹಗಲು ಅರ್ಧ ಗಂಟೆ ಉದ್ದವಾಗಿರುತ್ತದೆ, ಕೆಸರು ಮಾತ್ರ ಏಪ್ರಿಲ್‌ವರೆಗೆ ಹೀಗೇ.